ರೀಡ್‌ಬ್ಯಾಕ್ ಕೇಳಿಸಿಕೊಳ್ಳುವವರು ಯಾರು?

ಸರ್ವೀಸೆಲ್ಲ ವಿಮಾನಗಳ ಸಂಚಾರ ನಿಯಂತ್ರಿಸುವ ಎಟಿಸಿ ಟವರ್‌ನಲ್ಲಿ ಕಳೆದು, ನಿವೃತ್ತಿಯಾದ ಮೇಲೆ ಹಾಸನಕ್ಕೆ ಬಂದು ನೆಲೆಸಿದೆ. ಪೈಲಟ್ ಆಗಲು ಹೊರಟ ಈ ಕಡೆಯ ಹುಡುಗ ಹುಡುಗಿಯರು ಸಾಲಗಾಮೆ ರಸ್ತೆಯ ನಮ್ಮ ಮನೆಗೆ ಬರುತ್ತಾರೆ. ಆರ್‌ಟಿಆರ್ ಪರೀಕ್ಷೆಗೆ, ಅಂದರೆ ವಿಮಾನದ ರೇಡಿಯೊದಲ್ಲಿ ಮಾತಾಡುವ ಪರವಾನಗಿಗೆ ಅವರನ್ನು ತಯಾರು ಮಾಡುತ್ತೇನೆ. ಬಂದವರದ್ದೆಲ್ಲ ಒಂದೇ ಅಳುಕು: "ಸಾರ್, ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೆ." ನನಗೆ ಅವರ ಇಂಗ್ಲಿಷಿನ ಚಿಂತೆಯಿಲ್ಲ. ಕಿವಿಯದ್ದೇ ಚಿಂತೆ.

ಪಾಠಕ್ಕೆ ಲೈಸೆನ್ಸ್ ಬೇಕಿಲ್ಲದ ಎರಡು ಸಣ್ಣ ವಾಕಿಟಾಕಿ ಸಾಕು. ಒಬ್ಬರು ತಾರಸಿಯ ಮೇಲೆ ಟವರ್, ಇನ್ನೊಬ್ಬರು ಕೆಳಗೆ ಕಾರ್ ಶೆಡ್ಡಿನಲ್ಲಿ ಪೈಲಟ್. ಟವರ್‌ನವರು ಚೀಟಿ ನೋಡಿ ಕ್ಲಿಯರೆನ್ಸ್, ಅಂದರೆ ಹೇಗೆ ಹಾರಬೇಕೆಂಬ ಅನುಮತಿ ಕೊಡುತ್ತಾರೆ: ಎಲ್ಲಿಗೆ, ಯಾವ ದಾರಿ, ಎಷ್ಟು ಎತ್ತರ, ರೇಡಾರ್‌ನಲ್ಲಿ ವಿಮಾನವನ್ನು ಗುರುತಿಸುವ ಸ್ಕ್ವಾಕ್ ಸಂಖ್ಯೆ ಎಷ್ಟು. ಪೈಲಟ್ ಬರೆದುಕೊಂಡು ತಿರುಗಿ ಓದಬೇಕು, ಅದೇ ರೀಡ್‌ಬ್ಯಾಕ್. ಅದನ್ನು ಚೀಟಿಯೊಂದಿಗೆ ತಾಳೆ ನೋಡಿದ ಮೇಲೆಯೇ ಟವರ್ "ರೀಡ್‌ಬ್ಯಾಕ್ ಕರೆಕ್ಟ್" ಅನ್ನಬೇಕು.

ಕೆಲವು ದಿನ ಎತ್ತರ ಯಾವಾಗಲೂ 6,000 ಅಡಿಯೇ ಇರುವಂತೆ ನೋಡಿಕೊಳ್ಳುತ್ತೇನೆ. ಆಮೇಲೊಂದು ದಿನ ಸದ್ದಿಲ್ಲದೆ 5,000 ಎಂದು ಬರೆದ ಚೀಟಿ ಮೇಲಕ್ಕೆ ಕಳಿಸುತ್ತೇನೆ. ಮೊನ್ನೆ ಬೇಲೂರಿನ ಹುಡುಗಿ "ಕ್ಲೈಂಬ್ ಫೈಫ್ ತೌಸೆಂಡ್" ಎಂದು ಸ್ಪಷ್ಟವಾಗಿಯೇ ಹೇಳಿದಳು (ರೇಡಿಯೊದಲ್ಲಿ ಫೈವ್‌ಗೆ ಫೈಫ್ ಅನ್ನುತ್ತಾರೆ). ಅರಸೀಕೆರೆ ಹುಡುಗ "ಕ್ಲೈಂಬ್ ಸಿಕ್ಸ್ ತೌಸೆಂಡ್" ಎಂದು ಓದಿದ. ಮೇಲಿನಿಂದ "ರೀಡ್‌ಬ್ಯಾಕ್ ಕರೆಕ್ಟ್" ಎಂದು ಬಂತು! ಮೇಲೆ ಹತ್ತಿ ಹೋಗಿ ಕೇಳಿದೆ, "ಚೀಟೀಲಿ ಏನಿದೆಯಮ್ಮಾ?"

"ಐದು, ಸಾರ್."

"ಅವನು ಏನಂದ?"

"ಐದೇ ಅಂದ್ನಲ್ಲ ಸಾರ್?"

ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದನ್ನು ಹಾಕಿ ಕೇಳಿಸಿದ ಮೇಲೆಯೇ ನಂಬಿದಳು. ಕೆಳಗೆ ಬಂದು ಹುಡುಗನ ಪ್ಯಾಡ್ ನೋಡಿದರೆ, ಅವಳು ಬಾಯಿ ಬಿಡುವ ಮೊದಲೇ 6 ಬರೆದಿಟ್ಟಿದ್ದ. ಅವನು ದಿನಾ ಕೇಳುತ್ತಿದ್ದುದನ್ನೇ ಕೇಳಿಸಿಕೊಂಡ. ಅವಳು ತಾನು ಹೇಳಿದ್ದನ್ನೇ ಕೇಳಿಸಿಕೊಂಡಳು.

ಟವರ್‌ಗಳಲ್ಲಿ ಆಗುವುದೂ ಹೆಚ್ಚುಕಮ್ಮಿ ಹೀಗೆಯೇ. ಬೆಳಗಿನ ಹೊತ್ತು ವಿಮಾನಗಳು ಸಾಲುಗಟ್ಟಿ ಹೊರಡುವಾಗ, ಪೈಲಟ್ ತಿರುಗಿ ಓದುತ್ತಿರುವಷ್ಟರಲ್ಲೇ ಕಂಟ್ರೋಲರ್‌ನ ಕಣ್ಣು ಮುಂದಿನ ವಿಮಾನದ ವಿವರವಿರುವ ಸ್ಟ್ರಿಪ್‌ಗೆ (ಚೀಟಿಗೆ) ಹೋಗಿರುತ್ತದೆ. ಇದಕ್ಕೆ ನಾನು ಸರ್ವೀಸಿನುದ್ದಕ್ಕೂ ಮಾಡಿದ ಉಪಾಯವನ್ನೇ ಇವರಿಗೂ ಹೇಳಿಕೊಟ್ಟಿದ್ದೇನೆ. ಪೈಲಟ್ ಓದುವಾಗ ಪೆನ್ಸಿಲ್ ತುದಿ ಚೀಟಿಯ ಮೇಲಿರಬೇಕು, ಅಂಕಿ ಕಿವಿಗೆ ಬಿದ್ದ ಹಾಗೆ ಅದರ ಕೆಳಗೆ ಗೀಟು ಬೀಳಬೇಕು. ಗೀಟು ಬೀಳದ ಅಂಕಿ ಉಳಿದಿದ್ದರೆ ಕರೆಕ್ಟ್ ಅನ್ನುವ ಹಾಗಿಲ್ಲ.

ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಾದ ವಿಮಾನ ದುರಂತದ ಪಾಠವನ್ನು ಕತೆಯಾಗಿ ಹೇಳುವುದಿಲ್ಲ, ಆಡಿಸುತ್ತೇನೆ. 1977ರ ಮಾರ್ಚ್ 27ರಂದು ಮಂಜು ಕವಿದ ಅಲ್ಲಿನ ರನ್‌ವೇಯಲ್ಲಿ ಎರಡು ಬೋಯಿಂಗ್ 747 ಡಿಕ್ಕಿಯಾಗಿ 583 ಜನ ಸತ್ತರು. ಹೊರಡಲು ನಿಂತಿದ್ದ ಕೆಎಲ್‌ಎಂ ವಿಮಾನಕ್ಕೆ ಸಿಕ್ಕಿದ್ದು ದಾರಿಯ ಕ್ಲಿಯರೆನ್ಸ್ ಮಾತ್ರ, ಟೇಕಾಫ್ ಅನುಮತಿಯಲ್ಲ. ಆದರೆ ಆ ಕ್ಲಿಯರೆನ್ಸ್ ಒಳಗೇ "ಟೇಕಾಫ್ ಆದ ಮೇಲೆ ಬಲಕ್ಕೆ ತಿರುಗಿ" ಎಂಬ ಮಾತಿತ್ತು. ಟವರ್ "ಓಕೆ" ಅಂದದ್ದು ಕೇಳಿಸಿತು. ಆಮೇಲಿನ "ಕಾಯಿರಿ, ನಾನೇ ಕರೆಯುತ್ತೇನೆ" ಸರಿಯಾಗಿ ಕೇಳಿಸಲಿಲ್ಲ. ಅದೇ ಕ್ಷಣಕ್ಕೆ, ಇನ್ನೂ ರನ್‌ವೇ ಮೇಲೆಯೇ ಇದ್ದ ಪ್ಯಾನ್ ಆ್ಯಮ್ ವಿಮಾನದವರೂ ಮಾತಾಡಲು ರೇಡಿಯೊ ಬಟನ್ ಒತ್ತಿದ್ದರು. ಕೆಎಲ್‌ಎಂ ಟೇಕಾಫ್ ಓಟ ನಿಲ್ಲಿಸಲಿಲ್ಲ. ವಿಮಾನದ ರೇಡಿಯೊ ಎಎಂ ಬಗೆಯದು, ಒಟ್ಟಿಗೆ ಬಂದ ಎರಡು ಸಿಗ್ನಲ್ ಅದರಲ್ಲಿ ಬೆರೆತುಹೋಗುತ್ತವೆ; ಹಾಗಾಗಿ ಇಬ್ಬರು ಒಟ್ಟಿಗೆ ಮಾತಾಡಿದರೆ ಕಿರ್ರೆಂಬ ಸದ್ದು ಬರುತ್ತದೆ. ಈಗ ಟೇಕಾಫ್ ಅನುಮತಿ ಕೊಡುವಾಗ ಇಲ್ಲವೇ ರದ್ದು ಮಾಡುವಾಗ ಬಿಟ್ಟು ಬೇರೆಲ್ಲೂ ಆ ಪದ ಬಳಸುವಂತಿಲ್ಲ, ಮಿಕ್ಕೆಡೆ "ಡಿಪಾರ್ಚರ್". ನಮ್ಮ ಶೆಡ್ಡಿನಲ್ಲಿ ಲೈನಪ್ ಆಗಿರುವ, ಅಂದರೆ ರನ್‌ವೇ ಮೇಲೆ ಹೊರಡಲು ಸಜ್ಜಾಗಿ ನಿಂತಿರುವ ಪೈಲಟ್‌ಗೆ ಬೇಕೆಂದೇ ದಾರಿಯ ಕ್ಲಿಯರೆನ್ಸ್ ಮಾತ್ರ ಕೊಡಿಸುತ್ತೇನೆ. ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚಿಸುವ ಹಿಡಿ) ಕಡೆಗೆ ಕೈ ಚಾಚಿದವರು ಅವತ್ತು ಎಲ್ಲರಿಗೂ ಕಾಫಿ ಕೊಡಿಸಬೇಕು.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕು, ದೊಡ್ಡವರನ್ನು ಎರಡೆರಡು ಸಲ ಕೇಳಲು ಸಂಕೋಚ. ಅರ್ಥವಾಗದಿದ್ದರೂ "ರಾಜರ್ ಸಾರ್" ಅಂದುಬಿಡುತ್ತಾರೆ. ಅದಕ್ಕೇ ಒಮ್ಮೊಮ್ಮೆ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಅಂಕಿ ಹೇಳುತ್ತೇನೆ. "ಸೇ ಅಗೇನ್" ಅನ್ನುವವರೆಗೆ ಪಾಠ ಮುಂದಕ್ಕೆ ಹೋಗುವುದಿಲ್ಲ.

ಇಷ್ಟಾದರೂ ಬೆಂಗಳೂರಿನ ಪ್ರಕರಣಕ್ಕೆ ಇದು ಸಾಲುತ್ತಿರಲಿಲ್ಲ. 2022ರ ಜನವರಿ 7ರಂದು ಅಲ್ಲಿ ಅಕ್ಕಪಕ್ಕದ ರನ್‌ವೇಗಳಿಂದ ಎರಡು ವಿಮಾನಗಳು ಒಂದೇ ದಿಕ್ಕಿಗೆ ಹೆಚ್ಚುಕಮ್ಮಿ ಒಟ್ಟಿಗೇ ಮೇಲೆದ್ದು ಹತ್ತಿರ ಹತ್ತಿರ ಬಂದವು. ರೇಡಾರ್ ಕಂಟ್ರೋಲರ್ ಗಮನಿಸಿ ಬೇರ್ಪಡಿಸಿದರು. ಪೈಲಟ್‌ಗಳು ತಮಗೆ ಸಿಕ್ಕ ಅನುಮತಿಯಂತೆಯೇ ಹಾರಿದ್ದರು. ದಕ್ಷಿಣದ ರನ್‌ವೇ ಮುಚ್ಚುವ ತೀರ್ಮಾನ ಅದನ್ನು ನೋಡಿಕೊಳ್ಳುತ್ತಿದ್ದ ಕಂಟ್ರೋಲರ್‌ಗೆ ಮುಟ್ಟಿರಲಿಲ್ಲ. ಹಾಗಾಗಿ ಈಗ ಹಾಲ್‌ನಲ್ಲಿ ಎರಡನೇ ಟವರ್ ಕೂರಿಸಿದ್ದೇನೆ. ತಾರಸಿಯವರು ರನ್‌ವೇ ಮುಚ್ಚಿದರೆ ಹಾಲ್‌ನವರಿಗೆ ಹೇಳಬೇಕು, ಅವರು ಅದನ್ನು ತಿರುಗಿ ಹೇಳಿ ಸ್ಲೇಟಿನ ಮೇಲೆ ಕೆಂಪು ಪಟ್ಟಿ ಇಡಬೇಕು. ಪಟ್ಟಿ ಕೂರುವ ತನಕ ಎರಡೂ ಕಡೆಯಿಂದ ಒಂದು ವಿಮಾನವನ್ನೂ ಬಿಡುವಂತಿಲ್ಲ.