ಉಬುಂಟು ಜೊತೆ ಬಂದ ಪೈಥಾನ್ ಅಲ್ಲೇ ಇರಲಿ, ಹೊಸದು ಪಕ್ಕದಲ್ಲಿ ಬರಲಿ

ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಮ್‌ನ 22.04 ಆವೃತ್ತಿ ಇರುವ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಮೊದಲೇ ಇರುತ್ತದೆ, ಅದರ 3.10 ಆವೃತ್ತಿ. ವಿಡಿಯೋ ನೋಡಿ ಕಲಿಯುವವರು ಬರೆಯುವ ಕೋಡ್ ಮಾತ್ರ 3.12ರದ್ದೋ 3.13ರದ್ದೋ ಆಗಿರುತ್ತದೆ. ತಕರಾರು ಶುರುವಾಗುವುದೇ ಇಲ್ಲಿ.

ತೀರ್ಥಹಳ್ಳಿಯಲ್ಲಿ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಬರುವ ಮಕ್ಕಳು ಹೆಚ್ಚಿನವರು ಅಡಿಕೆ ತೋಟದ ಮನೆಯವರು. ಹಾಗಾಗಿ ಪೈಥಾನ್‌ನ ಡಿಕ್ಷನರಿ (ಹೆಸರಿಗೊಂದು ಬೆಲೆ ಜೋಡಿಸಿಡುವ ಪಟ್ಟಿ) ಪಾಠಕ್ಕೆ ಲೆಕ್ಕವೂ ಅಡಿಕೆಯದ್ದೇ: ರಾಶಿ, ಬೆಟ್ಟೆ, ಸರಕು, ಗೊರಬಲು, ಒಂದೊಂದಕ್ಕೂ ಕ್ವಿಂಟಾಲಿಗೆ ಇಷ್ಟು ಅಂತ ದರ. ದರವನ್ನು ಎಫ್-ಸ್ಟ್ರಿಂಗ್‌ನಲ್ಲಿ, ಅಂದರೆ ಕೋಟ್ ಒಳಗಿನ ಮಾತಿನ ನಡುವೆಯೇ ಬೆಲೆ ತುಂಬುವ ಸಾಲಿನಲ್ಲಿ, ಪ್ರಿಂಟ್ ಮಾಡಬೇಕು. ಹೊರಗೂ ಡಬಲ್ ಕೋಟ್, ಒಳಗೆ "ರಾಶಿ"ಗೂ ಡಬಲ್ ಕೋಟ್ ಹಾಕಿದರೆ 3.12ರಲ್ಲಿ ಸಲೀಸಾಗಿ ಓಡುತ್ತದೆ. 3.10ರಲ್ಲಿ ಸಿಂಟ್ಯಾಕ್ಸ್ ಎರರ್. ಕೋಡ್ ಸರಿಯೇ ಇದೆ, ಮಷಿನ್‌ನಲ್ಲಿರುವ ಪೈಥಾನ್ ಹಳೆಯದು, ಅಷ್ಟೇ.

ಆಗ ಎಲ್ಲರಿಗೂ ಹೊಳೆಯುವುದು ಒಂದೇ: ಹಳೆಯದನ್ನು ತೆಗೆದು ಹೊಸದು ಹಾಕೋಣ. ದಯವಿಟ್ಟು ಬೇಡ. ಆ 3.10 ನಿಮಗಾಗಿ ಇಟ್ಟದ್ದಲ್ಲ, ಉಬುಂಟು ತನಗಾಗಿ ಇಟ್ಟುಕೊಂಡದ್ದು. ಕಮಾಂಡ್ ಟೈಪ್ ಮಾಡುವ ಕಿಟಕಿ ಇದೆಯಲ್ಲ, ಟರ್ಮಿನಲ್, ಅದರ ಐಕಾನ್ ಒತ್ತಿದಾಗ ಮೊದಲು ಓಡುವುದೇ ಒಂದು ಪುಟ್ಟ ಪೈಥಾನ್ ಫೈಲ್. ಸಾಫ್ಟ್‌ವೇರ್ ಅಪ್‌ಡೇಟ್ ತೋರಿಸುವ ಕಿಟಕಿಯೂ ಪೈಥಾನ್. ಇವೆಲ್ಲ ಬಳಸುವ ಕೆಲವು ಮಾಡ್ಯೂಲ್‌ಗಳು (ಸಿದ್ಧ ಕೋಡ್ ತುಣುಕುಗಳು) 3.10ಕ್ಕೆಂದೇ ಕಂಪೈಲ್ ಆಗಿರುತ್ತವೆ, 3.12ರ ಕಣ್ಣಿಗೆ ಬೀಳುವುದೇ ಇಲ್ಲ. ಅಟ್ಟದ ಮೇಲೆ ಅಡಿಕೆ ಹರವಿಟ್ಟುಕೊಂಡೇ ಕೆಳಗಿನ ಕಂಬ ಕಿತ್ತರೆ ಏನಾಗುತ್ತದೋ ಅದೇ ಆಗುತ್ತದೆ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. "ಅಕ್ಕಾ, ಟರ್ಮಿನಲ್ಲೇ ಓಪನ್ ಆಗ್ತಿಲ್ಲ." "ಏನು ಮಾಡಿದೆ ಮಾರಾಯ?" ಅಂದರೆ, ಎಲ್ಲೋ ನೋಡಿ ಪೈಥಾನ್3 ಅನ್ನುವ ಹೆಸರನ್ನೇ 3.12ರ ಕಡೆ ತಿರುಗಿಸಿದ್ದ. ಇದಕ್ಕೆ ಮದ್ದು ಇದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆ ಬರುತ್ತದೆ, ಲಾಗಿನ್ ಆಗಿ. ಯುಎಸ್‌ಆರ್ ಒಳಗಿನ ಬಿನ್ ಫೋಲ್ಡರ್‌ನಲ್ಲಿ ಪೈಥಾನ್3 ಅನ್ನುವುದು ಬರೀ ಒಂದು ಲಿಂಕ್. ಅದನ್ನು ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ ಅರ್ಥ) ಎಲ್‌ಎನ್ ಹೈಫನ್ ಎಸ್‌ಎಫ್ ಕಮಾಂಡ್‌ನಿಂದ ಮತ್ತೆ ಅಲ್ಲೇ ಇರುವ ಪೈಥಾನ್3.10ಕ್ಕೆ ಕಟ್ಟಿದರೆ ಮುಗಿಯಿತು. ಮೊದಲು 3.10ರ ಪೂರ್ತಿ ದಾರಿ, ಆಮೇಲೆ ಪೈಥಾನ್3ರದ್ದು. ಈ ಕ್ರಮ ತಪ್ಪಬಾರದು.

ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕಲು, ತೆಗೆಯಲು ಬಳಸುವ ಕಮಾಂಡ್ ಆಪ್ಟ್. ಆಪ್ಟ್ ರಿಮೂವ್ ಪೈಥಾನ್3 ಅಂತ ಹೊಡೆದವರ ಕಥೆ ಇದಕ್ಕಿಂತ ಕಷ್ಟ. ತೆಗೆಯುವ ಪಟ್ಟಿಯಲ್ಲಿ ಡೆಸ್ಕ್‌ಟಾಪೇ ಇರುತ್ತದೆ. ವೈ ಒತ್ತುವ ಮೊದಲು ಆ ಪಟ್ಟಿ ಓದಿ, ಅಲ್ವಾ?

ಈಗ ಸರಿಯಾದ ದಾರಿ. ಫೋನಿನಲ್ಲಿ ಹೇಳಿಕೊಡುವ ಹಾಗೆ ಬರೆಯುತ್ತೇನೆ. ನೀವು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.

ಮೊದಲು ಏನಿದೆ ನೋಡಿ: ಪೈಥಾನ್3, ಸ್ಪೇಸ್, ಹೈಫನ್ ಹೈಫನ್ ವರ್ಷನ್. 24.04 ಹಾಕಿದವರಿಗೆ 3.12 ಅಂತಲೇ ಬರುತ್ತದೆ. ಅವರು ಹೊಸ ಪೈಥಾನ್ ಹಾಕುವ ಗೋಜಿಗೆ ಹೋಗುವುದು ಬೇಡ. ಸುಡೊ ಆಪ್ಟ್ ಇನ್‌ಸ್ಟಾಲ್ ಪೈಥಾನ್3.12-ವೆನ್ವ್ ಅಷ್ಟೇ ಕೊಟ್ಟು, ಸೀದಾ ವೆನ್ವ್ (ಒಂದೊಂದು ಕೆಲಸಕ್ಕೆ ಬೇರೆಯಾಗಿ ಇಡುವ ಪೈಥಾನ್ ಫೋಲ್ಡರ್) ಭಾಗಕ್ಕೆ ಹೋಗಬಹುದು.

22.04ರವರು ಡೆಡ್‌ಸ್ನೇಕ್ಸ್ ಅನ್ನುವ ಪಿಪಿಎ, ಅಂದರೆ ಹೊರಗಿನವರು ನಡೆಸುವ ಸಾಫ್ಟ್‌ವೇರ್ ಭಂಡಾರ, ಸೇರಿಸಬೇಕು. ಸುಡೊ ಆಡ್-ಆಪ್ಟ್-ರೆಪೊಸಿಟರಿ, ಸ್ಪೇಸ್, ಪಿಪಿಎ, ಕೋಲನ್, ಡೆಡ್‌ಸ್ನೇಕ್ಸ್, ಸ್ಲ್ಯಾಷ್, ಪಿಪಿಎ. ಆಮೇಲೆ ಸುಡೊ ಆಪ್ಟ್ ಅಪ್‌ಡೇಟ್. ಆಮೇಲೆ ಸುಡೊ ಆಪ್ಟ್ ಇನ್‌ಸ್ಟಾಲ್ ಪೈಥಾನ್3.12, ಜೊತೆಗೇ ಪೈಥಾನ್3.12-ವೆನ್ವ್. ಈ ಎರಡನೆಯದನ್ನು ಮರೆತವರಿಗೇ ಮುಂದೆ ಎರರ್ ಬರುವುದು. ಹೊಸದು ಪೈಥಾನ್3.12 ಅನ್ನುವ ತನ್ನದೇ ಹೆಸರಿನಲ್ಲಿ ಕೂರುತ್ತದೆ, ಹಳೆಯ ಪೈಥಾನ್3 ಅಲುಗುವುದಿಲ್ಲ. ಆದರೆ ಈ ಪಿಪಿಎ ಉಬುಂಟು ಕಂಪನಿಯದ್ದಲ್ಲ. ಭದ್ರತೆಯ ತಿದ್ದುಪಡಿ ಸಕಾಲಕ್ಕೆ ಬರುತ್ತದೆ ಅಂತ ಅದನ್ನು ನಡೆಸುವವರೇ ಖಾತ್ರಿ ಕೊಡುವುದಿಲ್ಲ. ಕಲಿಯಲು ಸಾಕು, ಅಂಗಡಿಯ ಸರ್ವರ್‌ಗೆ ನಾನು ಹಾಕುವುದಿಲ್ಲ. ಮೂಲದಿಂದ ಕಂಪೈಲ್ ಮಾಡುವ ಹಟ ಇರುವವರು ಮೇಕ್ ಇನ್‌ಸ್ಟಾಲ್ ಬದಲು ಮೇಕ್ ಆಲ್ಟ್‌ಇನ್‌ಸ್ಟಾಲ್ ಬಳಸಿ. ಹಳೇ ಲ್ಯಾಪ್‌ಟಾಪ್‌ನಲ್ಲಿ ಅಷ್ಟು ತಾಳ್ಮೆ ನನಗಂತೂ ಇಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವುದು ಮಾಮೂಲಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಇನ್‌ಸ್ಟಾಲ್ ಮಧ್ಯದಲ್ಲೇ ಆಫ್ ಆಗುತ್ತದೆ. ಹೆದರಬೇಡಿ. ಕರೆಂಟ್ ಬಂದ ಮೇಲೆ ಸುಡೊ ಡಿಪಿಕೆಜಿ, ಸ್ಪೇಸ್, ಹೈಫನ್ ಹೈಫನ್ ಕಾನ್ಫಿಗರ್, ಸ್ಪೇಸ್, ಹೈಫನ್ ಎ ಕೊಡಿ. ಅರ್ಧಕ್ಕೆ ನಿಂತದ್ದನ್ನು ಅದು ಮುಗಿಸುತ್ತದೆ. ಆಮೇಲೆ ಇನ್‌ಸ್ಟಾಲ್ ಕಮಾಂಡನ್ನೇ ಮತ್ತೊಮ್ಮೆ ಕೊಡಿ.

ಇನ್ನು ವೆನ್ವ್. ನಿಮ್ಮ ಕೆಲಸದ ಫೋಲ್ಡರ್‌ಗೆ ಹೋಗಿ ಪೈಥಾನ್3.12, ಹೈಫನ್ ಎಂ, ವೆನ್ವ್, ಅಡಿಕೆ ಅಂತ ಕೊಟ್ಟರೆ ಅಡಿಕೆ ಅನ್ನುವ ಫೋಲ್ಡರ್ ಹುಟ್ಟುತ್ತದೆ. ಸೋರ್ಸ್, ಸ್ಪೇಸ್, ಅಡಿಕೆ ಸ್ಲ್ಯಾಷ್ ಬಿನ್ ಸ್ಲ್ಯಾಷ್ ಆಕ್ಟಿವೇಟ್ ಅಂದರೆ ಸಾಲಿನ ಮುಂದೆ ಬ್ರಾಕೆಟ್‌ನಲ್ಲಿ ಆ ಹೆಸರು ಬರುತ್ತದೆ. ಅದು ಕಾಣುವಷ್ಟು ಹೊತ್ತು ಬರೀ ಪೈಥಾನ್ ಅಂದರೂ 3.12ವೇ. ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಿಂದ ಹಾಕಿದ್ದೆಲ್ಲ ಅದೇ ಫೋಲ್ಡರ್ ಒಳಗೆ. ಕೆಟ್ಟರೆ ಫೋಲ್ಡರ್ ಅಳಿಸಿ ಹೊಸದು ಮಾಡಿ, ಸಿಸ್ಟಮ್‌ಗೆ ಏನೂ ಆಗುವುದಿಲ್ಲ. 24.04ರಲ್ಲಿ ವೆನ್ವ್ ಇಲ್ಲದೆ ಪಿಪ್ ಇನ್‌ಸ್ಟಾಲ್ ಮಾಡಲು ಹೋದರೆ ಉಬುಂಟುವೇ ತಡೆಯುತ್ತದೆ. ಆ ತಡೆ ದಾಟಲು ಬ್ರೇಕ್-ಸಿಸ್ಟಮ್-ಪ್ಯಾಕೇಜಸ್ ಅನ್ನುವ ಆಯ್ಕೆ ಇದೆ. ಹೆಸರಲ್ಲೇ ಎಚ್ಚರಿಕೆ ಇದ್ದರೂ ಸುಮ್ನೆ ಕಾಪಿ ಮಾಡಿ ಹಾಕುವವರಿದ್ದಾರೆ.

ವಿಎಸ್ ಕೋಡ್ ಅನ್ನುವ ಎಡಿಟರ್‌ನಲ್ಲಿ ಕೋಡ್ ಬರೆಯುವವರು ಕಂಟ್ರೋಲ್, ಶಿಫ್ಟ್, ಪಿ ಒತ್ತಿ ಸೆಲೆಕ್ಟ್ ಇಂಟರ್‌ಪ್ರಿಟರ್ ಹುಡುಕಿ, ಅಡಿಕೆ ಒಳಗಿನ ಪೈಥಾನ್ ಆರಿಸಿ. ಇಲ್ಲದಿದ್ದರೆ ಟರ್ಮಿನಲ್‌ನಲ್ಲಿ ಓಡಿದ್ದು ಎಡಿಟರ್‌ನಲ್ಲಿ ಎರರ್ ಕೊಡುತ್ತಾ ಕೂರುತ್ತದೆ.

ಮ್ಯಾಕ್ ಇದ್ದವರಿಗೆ ಈ ಗಲಾಟೆ ಕಡಿಮೆ. ಜೊತೆಗೆ ಬರುತ್ತಿದ್ದ ಪೈಥಾನ್ 2.7 ಅನ್ನು ಆಪಲ್ 2022ರಲ್ಲಿ 12.3 ಆವೃತ್ತಿಯಿಂದಲೇ ತೆಗೆದುಹಾಕಿತು.

ಕಾಲೇಜ್ ಲ್ಯಾಬ್‌ನಲ್ಲಿ 3.10 ಇದ್ದು, ಅಲ್ಲೇ ಕೋಡ್ ತೋರಿಸಬೇಕಾದರೆ ಎಫ್-ಸ್ಟ್ರಿಂಗ್ ಒಳಗೆ ಸಿಂಗಲ್ ಕೋಟ್ ಹಾಕಿ. ಎರಡರಲ್ಲೂ ಓಡುತ್ತದೆ.