ನಮ್ಮನೆಯಲ್ಲಿ ಹಾಕಿ ಮಾತು ಶುರುವಾದ ಬಗೆ

2021ರ ಆಗಸ್ಟ್ 5. ನಮ್ಮ ಮದುವೆಯಾಗಿ ಆರು ತಿಂಗಳಾಗಿತ್ತು. ನಮ್ಮನೆಯವರು ಬೆಳಿಗ್ಗೆ ಏಳಕ್ಕೇ ಟಿವಿ ಮುಂದೆ ಕೂತಿದ್ದರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜರ್ಮನಿ ಜೊತೆ ಕಂಚಿನ ಪದಕದ ಮ್ಯಾಚು. ನಾನು ಒಳಗೆ ದೋಸೆ ಹುಯ್ಯುತ್ತಿದ್ದೆ. ಒಂದು ಹಂತದಲ್ಲಿ 1-3 ಅಂತ ಹಿಂದಿದ್ದ ಭಾರತ ಕೊನೆಗೆ 5-4ರಲ್ಲಿ ಗೆದ್ದಿತು. ಇನ್ನು ಕೆಲವೇ ಸೆಕೆಂಡು ಇದೆ ಅನ್ನುವಾಗ ಜರ್ಮನಿಗೆ ಸಿಕ್ಕ ಪೆನಾಲ್ಟಿ ಕಾರ್ನರನ್ನು ನಮ್ಮ ಗೋಲ್‌ಕೀಪರ್ ಶ್ರೀಜೇಶ್ ತಡೆದರು. ಹೊರಗೆ ಬಂದು ನೋಡಿದರೆ ಇವರು ಅಳುತ್ತಿದ್ದಾರೆ. "ಮೂರನೇ ಸ್ಥಾನ ತಾನೇ? ಅದಕ್ಕೆ ಇಷ್ಟೊಂದಾ?" ಅಂತ ಕೇಳಿಬಿಟ್ಟೆ. ಇವರು ಏನೂ ಹೇಳಲಿಲ್ಲ. ಮುಖ ತೊಳೆದು ಬಂದು, ದೋಸೆ ತಿಂದು, ಲ್ಯಾಪ್‌ಟಾಪ್ ತೆಗೆದು ಕೂತರು.

ಆ ಮೌನ ನನ್ನನ್ನು ಜಾಸ್ತಿ ಕಾಡಿತು. ಇವರು ಸೋಮವಾರಪೇಟೆಯವರು. ಬಿ.ಪಿ. ಗೋವಿಂದ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್, ಹೀಗೆ ಒಲಿಂಪಿಕ್ಸ್ ಆಡಿದವರು ಒಬ್ಬರ ಮೇಲೊಬ್ಬರು ಹುಟ್ಟಿದ ಊರು. ನಾನು ತುಮಕೂರಿನವಳು, ನಮ್ಮನೆಯಲ್ಲಿ ಆಟ ಅಂದರೆ ಕ್ರಿಕೆಟ್ ಮಾತ್ರ. ಇವರ ಜೊತೆ ಹಾಕಿ ಬಗ್ಗೆ ಮಾತಾಡುವುದನ್ನು ಕಲಿಯಲೇಬೇಕು ಅಂತ ಅವತ್ತೇ ಅಂದುಕೊಂಡೆ.

ಮೊದಲು ಮಾಡಿದ್ದು ತಪ್ಪು ದಾರಿ. ಓದಿ ಬಾಯಿಪಾಠ ಮಾಡಿದೆ. ಧ್ಯಾನ್ ಚಂದ್ 1928, 1932, 1936ರಲ್ಲಿ ಮೂರು ಒಲಿಂಪಿಕ್ಸ್ ಚಿನ್ನ ಗೆದ್ದರು, ಬರ್ಲಿನ್ ಫೈನಲ್‌ನಲ್ಲಿ ಜರ್ಮನಿ ಮೇಲೆ 8-1. ಬಲ್ಬೀರ್ ಸಿಂಗ್ 1952ರ ಫೈನಲ್ ಒಂದರಲ್ಲೇ ಐದು ಗೋಲು ಹೊಡೆದರು. ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ. "ಹೌದು, ಹೌದು" ಅಂದರು. ಅಲ್ಲಿಗೆ ಮಾತು ಮುಗಿಯಿತು. ಚಿಕ್ಕಂದಿನಿಂದ ಗೊತ್ತಿರುವುದನ್ನೇ ಇನ್ನೊಬ್ಬರು ಬಂದು ಒಪ್ಪಿಸಿದರೆ ಅದಕ್ಕೆ ಏನು ಹೇಳುವುದು, ಅಲ್ವಾ?

ಮಾತು ತೆರೆದುಕೊಂಡದ್ದು ಅಟ್ಟ ಗುಡಿಸುವಾಗ ಸಿಕ್ಕ ಇವರ ಹಳೇ ಸ್ಟಿಕ್‌ನಿಂದ. ಹಿಡಿಗೆ ಸುತ್ತಿದ ಟೇಪು ಬೆವರಿಗೆ ಕಪ್ಪಾಗಿತ್ತು. "ಇದು ಒಂದೇ ಕಡೆ ಯಾಕೆ ಚಪ್ಪಟೆ?" ಅಂತ ಕೇಳಿದೆ, ನಿಜವಾಗಿ ಗೊತ್ತಿರಲಿಲ್ಲ. ಇವರು ಎದ್ದು ನಿಂತರು. ಚೆಂಡನ್ನು ಚಪ್ಪಟೆ ಬದಿಯಲ್ಲಿ ಮಾತ್ರ ಆಡಬೇಕು, ಬೆನ್ನು ಕಡೆ ತಾಗಿದರೆ ಫೌಲ್. ಎಡಗೈ ರೂಢಿಯವರಿಗೂ ಇದೇ ಸ್ಟಿಕ್ಕು. ಹಾಗಾಗಿ ಚೆಂಡನ್ನು ಬಲದಿಂದ ಎಡಕ್ಕೆ ತರುವುದು ಸುಲಭ, ಎಡದಿಂದ ಬಲಕ್ಕೆ ತರಬೇಕು ಅಂದರೆ ಸ್ಟಿಕ್ಕನ್ನೇ ತಿರುಗಿಸಬೇಕು. ತಾರಸಿಗೆ ಕರೆದುಕೊಂಡು ಹೋಗಿ ಟೆನಿಸ್ ಬಾಲ್ ಇಟ್ಟು ನನ್ನ ಕೈಗೇ ಕೊಟ್ಟರು. ಮೇಲಿರುವ ಎಡಗೈಯೇ ಬೀಗದ ಕೈ ತಿರುಗಿಸಿದ ಹಾಗೆ ಸ್ಟಿಕ್ ತಿರುಗಿಸುತ್ತದೆ, ಬಲಗೈ ಸಡಿಲವಾಗಿ ಒಂದು ಕೊಳವೆಯ ಹಾಗೆ ಇರಬೇಕು. ನಾನು ಬಲಗೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದೆ. ಇವರು ನನ್ನ ಬೆರಳು ಒಂದೊಂದಾಗಿ ಸಡಿಲ ಮಾಡಿದರು. ಅರ್ಧ ಗಂಟೆಯಲ್ಲಿ ಮಣಿಕಟ್ಟು ನೋಯತೊಡಗಿತು. "ಈಗ ಬಾ, ಮೊಹಮ್ಮದ್ ಶಾಹಿದ್ ತೋರಿಸುತ್ತೀನಿ" ಅಂದರು. ಹಳೇ ಮಸುಕು ವಿಡಿಯೋ. ಓಡುತ್ತಲೇ ಆ ಮನುಷ್ಯನ ಕೈ ಅತ್ತ ಇತ್ತ ತಿರುಗುವುದನ್ನು ನೋಡಿದಾಗ ನನ್ನ ಮಣಿಕಟ್ಟಿಗೆ ಅದು ಎಂಥ ಕೆಲಸ ಅಂತ ಅರ್ಥವಾಯಿತು. ಬನಾರಸ್ಸಿನ ಶಾಹಿದ್ ನನಗೆ ಇಷ್ಟವಾದದ್ದು ಹೀಗೆ.

ಆಮೇಲೆ ನಾನು ಕೇಳುವ ರೀತಿಯೇ ಬದಲಾಯಿತು. ಯಾರು ದೊಡ್ಡವರು, ಎಷ್ಟು ಗೋಲು ಅಂತ ಕೇಳುವುದನ್ನು ಬಿಟ್ಟೆ. ಅವರು ಹೇಗೆ ಆಡುತ್ತಿದ್ದರು, ನೀವು ಮೊದಲು ನೋಡಿದ್ದು ಎಲ್ಲಿ, ಇಂಥವನ್ನು ಕೇಳತೊಡಗಿದೆ. ಮ್ಯಾಚ್ ನಡೆಯುವಾಗ ಮಾತ್ರ ಬಾಯಿ ಬಿಡುವುದಿಲ್ಲ, ಕ್ವಾರ್ಟರ್ ನಡುವೆ ಸಿಗುವ ಎರಡು ನಿಮಿಷಕ್ಕೆ ಕಾಯುತ್ತೇನೆ.

ಡಿಸೆಂಬರಿನಲ್ಲಿ ಒಂದು ಸಂಜೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಪೆನಾಲ್ಟಿ ಕಾರ್ನರ್ ಅರ್ಥವಾಗುವುದಿಲ್ಲ ಅಂದೆ. ಪೇಪರ್ ಮೇಲೆ ಕಾಳುಗಳನ್ನೇ ಜೋಡಿಸಿದರು. ಗೋಲ್‌ಕೀಪರ್ ಸೇರಿ ತಡೆಯುವ ತಂಡದ ಐದು ಕಾಳು ಗೋಲಿನ ಗೆರೆ ಹಿಂದೆ, ಆ ತಂಡದ ಮಿಕ್ಕವರು ಮೈದಾನದ ನಡುಗೆರೆಯಾಚೆ. ಹೊಡೆಯುವ ತಂಡದ ಒಬ್ಬ ಹೊರಗಿನ ಗೆರೆಯಿಂದ ಚೆಂಡು ತಳ್ಳುತ್ತಾನೆ, ಒಬ್ಬ ಡಿ ಆಚೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದಾಚೆ, ನಿಲ್ಲಿಸುತ್ತಾನೆ, ಒಬ್ಬ ಒಳಗೆ ತಂದು ಗೋಲಿಗೆ ಬಿಡುತ್ತಾನೆ. ಮೊದಲ ಹೊಡೆತ ಜೋರು ಹಿಟ್ ಆದರೆ ಚೆಂಡು ಗೋಲಿನ ಹಲಗೆಗಿಂತ ಮೇಲೆ ಹೋಗುವ ಹಾಗಿಲ್ಲ, ಅಂದರೆ 46 ಸೆಂಟಿಮೀಟರ್. ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಚಿಮ್ಮಿಸುವ ಡ್ರ್ಯಾಗ್‌ಫ್ಲಿಕ್‌ಗೆ ಆ ಕಟ್ಟು ಇಲ್ಲ, ಮೇಲಿನ ಮೂಲೆಗೂ ಕಳಿಸಬಹುದು. "ಅದಕ್ಕೇ ನಮ್ಮ ಕೊಡಗಿನ ರಘುನಾಥ್ ಅಷ್ಟು ಮುಖ್ಯ ಆಗಿದ್ದು" ಅಂದರು. ಆಮೇಲೆ ಎದುರಿನಿಂದ ಓಡಿ ಬರುವ ಕಾಳನ್ನು ತೋರಿಸಿ, ಆ ಚೆಂಡಿಗೆ ಮೈಯೊಡ್ಡುವವನು ಇವನು ಅಂದರು. ಅವತ್ತಿನ ಸಾರಿಗೆ ಕಾಳು ಕಡಿಮೆಯೇ ಆಯಿತು, ಆಟದ ಅರ್ಧ ಪೇಪರ್ ಮೇಲೇ ಉಳಿದಿತ್ತು.

ಊರಿಗೆ ಹೋದಾಗ ಮಾವನನ್ನೂ ಕೇಳಿದೆ. 1975ರ ವಿಶ್ವಕಪ್ ಫೈನಲ್, ಕೌಲಾಲಂಪುರದಲ್ಲಿ ಪಾಕಿಸ್ತಾನದ ಎದುರು. ಪಕ್ಕದ ಮನೆಯ ರೇಡಿಯೋ ಸುತ್ತ ನಿಂತು ಕೇಳಿದರಂತೆ. ಹಿಂದಿ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ, ಆದರೆ ಕಾಮೆಂಟರಿ ಹೇಳುತ್ತಿದ್ದ ಜಸ್‌ದೇವ್ ಸಿಂಗ್ ಅವರ ದನಿ ಏರಿದಾಗ ಎಲ್ಲರೂ ಉಸಿರು ಹಿಡಿಯುತ್ತಿದ್ದರು. ಧ್ಯಾನ್ ಚಂದ್ ಮಗ ಅಶೋಕ್ ಕುಮಾರ್ ಗೆಲುವಿನ ಗೋಲು ಹೊಡೆದರು, 2-1. ಆ ತಂಡದಲ್ಲಿ ನಮ್ಮೂರ ಗೋವಿಂದ ಇದ್ದರು. ಅದನ್ನು ಹೇಳುವಾಗ ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಈ ಕಥೆಯನ್ನು ಇವರೂ ಅಷ್ಟು ಪೂರ್ತಿಯಾಗಿ ಕೇಳಿರಲಿಲ್ಲವಂತೆ.

ನನ್ನ ಕಡೆಯಿಂದಲೂ ಏನಾದರೂ ತರಬೇಕಲ್ಲ. ಬೆಂಗಳೂರಿನ ಬ್ರಿಟ್ಟೋ ಅಕ್ಕತಂಗಿಯರ ಬಗ್ಗೆ ಓದಿದೆ. ಎಲ್ವೇರಾ, ರೀಟಾ, ಮೇ, ಮೂವರೂ 60ರ ದಶಕದಲ್ಲಿ ನಮ್ಮ ರಾಜ್ಯಕ್ಕೆ ಆಡಿದವರು. ಎಲ್ವೇರಾಗೆ 1965ರ ಅರ್ಜುನ ಪ್ರಶಸ್ತಿ ಬಂತು. ಒಂದೇ ಮನೆಯ ಮೂವರು ಹೆಣ್ಣುಮಕ್ಕಳು, ಆ ಕಾಲದಲ್ಲಿ! ಇವರಿಗೆ ಗೊತ್ತಿರಲಿಲ್ಲ. ಅವತ್ತು ಹೇಳುವವಳು ನಾನು, ಕೇಳುವವರು ಇವರು.

ಟೋಕಿಯೋ ದಿನದ ಅಳುವಿನ ಬಗ್ಗೆ ನಾನು ಮತ್ತೆ ಕೇಳಿರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಸುನಿಲ್ ನಿವೃತ್ತಿ ಸುದ್ದಿ ಬಂದ ದಿನ ಇವರೇ ಹೇಳಿದರು. 1980ರ ಮಾಸ್ಕೋ ಚಿನ್ನದ ನಂತರ 41 ವರ್ಷ ಒಲಿಂಪಿಕ್ಸ್‌ನಲ್ಲಿ ಹಾಕಿ ಪದಕ ಇಲ್ಲ. ಆ ಚಿನ್ನದ ತಂಡದಲ್ಲಿದ್ದ ಕೊಡಗಿನ ಎಂ.ಎಂ. ಸೋಮಯ್ಯ ಮುಂದೆ 1988ರಲ್ಲಿ ನಾಯಕರೂ ಆದರು, ಬರಿಗೈ. ಧನರಾಜ್ ಪಿಳ್ಳೈ 1992ರಿಂದ 2004ರವರೆಗೆ ನಾಲ್ಕು ಒಲಿಂಪಿಕ್ಸ್ ಆಡಿದರು, ಒಂದೂ ಪದಕವಿಲ್ಲ. 2004ರಲ್ಲಿ ಹಾಲಪ್ಪ. 2008ಕ್ಕೆ ಅರ್ಹತೆಯೇ ಸಿಗಲಿಲ್ಲ. ಸುನಿಲ್ 2012ರಲ್ಲಿ, 2016ರಲ್ಲಿ ಓಡಿ ಓಡಿ ಆಡಿದರು. ಪದಕ ಬಂದಾಗ ಅವರು ತಂಡದಲ್ಲಿ ಇರಲಿಲ್ಲ. "ಗೆದ್ದವರಿಗಾಗಿ ಅಲ್ಲ ಕಣೇ, ಇವರೆಲ್ಲ ನೆನಪಾದರು" ಅಂದರು. ಅವತ್ತು ನಾನು ಕೇಳಿದ ಮಾತಿಗೆ ಕ್ಷಮೆ ಕೇಳಿದೆ.

2024ರ ಏಪ್ರಿಲ್‌ನಲ್ಲಿ ನಾಪೋಕ್ಲುವಿಗೆ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಹೋಗಿದ್ದೆವು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದದ್ದು, ಆ ವರ್ಷ 360 ತಂಡಗಳಾಗಿದ್ದವು. ಒಂದೇ ತಂಡದಲ್ಲಿ ಗಂಡಸರೂ ಹೆಂಗಸರೂ ಆಡುತ್ತಾರೆ. ಒಬ್ಬಳು ಹುಡುಗಿ ಎದುರಿನವನ ಮುಂದೆ ಚೆಂಡನ್ನು ಎಡಕ್ಕೆ ತೋರಿಸಿ, ಸ್ಟಿಕ್ ತಿರುಗಿಸಿ ಬಲಕ್ಕೆ ಎಳೆದುಕೊಂಡು ಹೋದಳು. ಇಬ್ಬರೂ ಒಟ್ಟಿಗೇ ಕೂಗಿದೆವು. ವಾಪಸ್ ಬರುವಾಗ ಮಡಿಕೇರಿ ದಾಟುವವರೆಗೂ ಶಾಹಿದ್ ಮೇಲಾ, ಧನರಾಜ್ ಮೇಲಾ ಅಂತಲೇ ವಾದ. ಇವರು ಶಾಹಿದ್ ಅನ್ನುತ್ತಾರೆ. ನಾನು ಧನರಾಜ್ ಅನ್ನುತ್ತೇನೆ, ಇನ್ನೂ ಒಪ್ಪಿಲ್ಲ.