ಒಡೆದ ಯೀಸ್ಟ್ ಪ್ಯಾಕೆಟ್ ಹಾಳಾಗದ ಹಾಗೆ ಇಡೋದು ಹೇಗೆ?

ಹಿಟ್ಟು ಚೆನ್ನಾಗಿ ನಾದಿ, ಎರಡು ಗಂಟೆ ಕಾದು, ಮುಚ್ಚಳ ತೆಗೆದು ನೋಡಿದ್ರೆ ಇಟ್ಟ ಹಾಗೇ ಕೂತಿರುತ್ತೆ, ಒಂದಿಷ್ಟೂ ಉಬ್ಬಿರಲ್ಲ. ನನಗೆ ಹೀಗಾದಾಗೆಲ್ಲ ನಾದಿದ್ದು ಸರಿಯಾಗಿಲ್ಲ ಅಂದ್ಕೊಳ್ತಿದ್ದೆ, ಆಮೇಲೆ ಗೊತ್ತಾಯ್ತು ತಪ್ಪು ಇದ್ದಿದ್ದು ಉಳಿದ ಯೀಸ್ಟನ್ನ ಇಟ್ಟ ರೀತಿಯಲ್ಲಿ ಅಂತ.

ಮೊದಲು ನಿಮ್ಮ ಹತ್ರ ಇರೋದು ಯಾವ ಯೀಸ್ಟ್ ನೋಡ್ಕೊಳ್ಳಿ. ಸಣ್ಣ ಕಾಳಿನ ಥರ ಇದ್ರೆ ಆಕ್ಟಿವ್ ಡ್ರೈ, ಅದಕ್ಕಿಂತ ನುಣ್ಣಗಿದ್ರೆ ಇನ್‌ಸ್ಟಂಟ್, ಇವೆರಡನ್ನೂ ಇಡೋದು ಒಂದೇ ಥರ. ಮೆತ್ತನೆಯ ಗಡ್ಡೆಯಾಗಿ ಬರೋ ಫ್ರೆಶ್ ಯೀಸ್ಟ್ ಬೇರೆ, ಅದರಲ್ಲಿ ಸುಮಾರು 70 ಪರ್ಸೆಂಟ್ ನೀರೇ ಇರುತ್ತೆ, ಹಾಗಾಗಿ ಫ್ರಿಜ್‌ನಲ್ಲಿಟ್ರೂ 2-3 ವಾರದೊಳಗೆ ಮುಗಿಸ್ಬೇಕು, ಬೂಷ್ಟು ಬಂದಿದ್ರೆ ಎಸೆದ್ಬಿಡಿ.

ಒಣ ಯೀಸ್ಟೂ ಜೀವ ಇರೋದೇ, ನೀರಿನಂಶ ತೆಗೆದು ನಿದ್ದೆ ಮಾಡಿಸಿರ್ತಾರೆ ಅಷ್ಟೆ. ಗಾಳಿ, ತೇವ, ಬಿಸಿ ಈ ಮೂರೂ ಅದಕ್ಕೆ ಆಗಲ್ಲ. ಸೀಲ್ ಒಡೆಯದ ಪ್ಯಾಕೆಟ್ ತಂಪಾದ ಕಪಾಟಲ್ಲಿ ಡೇಟ್ ಮುಗಿಯೋವರೆಗೂ ಇರುತ್ತೆ, ಒಡೆದ್ಮೇಲೆ ಮಾತ್ರ ರಬ್ಬರ್ ಬ್ಯಾಂಡ್ ಹಾಕಿ ಒಲೆ ಪಕ್ಕ ಇಡೋದು ಬೇಡವೇ ಬೇಡ.

ಒಡೆದ ದಿನಾನೇ ಎರಡು ಭಾಗ ಮಾಡಿ. ಮುಂದಿನ ಕೆಲವು ವಾರಕ್ಕೆ ಬೇಕಾದಷ್ಟು ಚಿಕ್ಕ ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ ಫ್ರಿಜ್‌ಗೆ, ಉಳಿದದ್ದು ಇನ್ನೊಂದು ಗಾಳಿ ಆಡದ ಡಬ್ಬಿಯಲ್ಲಿ ಫ್ರೀಜರ್‌ಗೆ. ಬಾಟಲಿ ತೊಳೆದಿದ್ರೆ ಪೂರ್ತಿ ಒಣಗಿರ್ಬೇಕು, ಮೇಲೆ ಒಡೆದ ತಾರೀಖು ಬರೆದು ಅಂಟಿಸಿ. ಫ್ರಿಜ್‌ನಲ್ಲಿ ಸುಮಾರು 4 ತಿಂಗಳು, ಫ್ರೀಜರ್‌ನಲ್ಲಿ 6 ತಿಂಗಳು ಅಂತ ಲೆಕ್ಕ ಇಟ್ಕೊಳ್ಳಿ, ಅದಕ್ಕಿಂತ ಜಾಸ್ತಿ ದಿನ ಬಂದ್ರೂ ಬರುತ್ತೆ, ಆದ್ರೆ ಟೆಸ್ಟ್ ಮಾಡದೆ ನಂಬ್ಬೇಡಿ.

ಎರಡು ಭಾಗ ಯಾಕೆ ಅಂದ್ರೆ, ತಣ್ಣಗಿನ ಡಬ್ಬಿ ಹೊರಗೆ ತೆಗೆದು ಮುಚ್ಚಳ ತೆರೆದಿಟ್ರೆ ಹೊರಗಿನ ಗಾಳಿಯ ತೇವ ಒಳಗೆ ಹನಿಯಾಗಿ ಕೂರುತ್ತೆ, ಪ್ರತೀ ಸಲ ಇಡೀ ಸ್ಟಾಕ್ ತೆಗೀತಾ ಇದ್ರೆ ಎಲ್ಲಾನೂ ಸ್ವಲ್ಪ ಸ್ವಲ್ಪ ನೆನೆದು ಗಂಟು ಕಟ್ಟುತ್ತೆ. ಒಣ ಚಮಚದಲ್ಲಿ ಬೇಕಾದಷ್ಟು ತಗೊಂಡು ತಕ್ಷಣ ಮುಚ್ಚಿ ವಾಪಸ್ ಇಡಿ. ಒದ್ದೆ ಚಮಚ ಹಾಕೋದು, ಪಾತ್ರೆಯಿಂದ ಹಬೆ ಏಳ್ತಿರೋವಾಗ ಅದರ ಮೇಲೇ ಬಾಟಲಿ ಬಗ್ಗಿಸೋದು, ಎರಡೂ ಮಾಡ್ಬೇಡಿ.

ಹಳೇ ಯೀಸ್ಟ್ ಮೇಲೆ ಅನುಮಾನ ಇದ್ರೆ ಹಿಟ್ಟು ಅಳೆಯೋ ಮೊದಲೇ ನೋಡಿ. ಅರ್ಧ ಕಪ್ ನೀರು, ಒಂದು ಟೀ ಚಮಚ ಸಕ್ಕರೆ, ಎರಡೂಕಾಲು ಟೀ ಚಮಚ ಅಂದ್ರೆ 7 ಗ್ರಾಂ ಯೀಸ್ಟ್. ನೀರು 40 ಡಿಗ್ರಿ ಸುತ್ತಮುತ್ತ ಇರ್ಲಿ, ಬೆರಳಿಟ್ರೆ ಹಿತವಾಗಿ ಬೆಚ್ಚಗಿರ್ಬೇಕು, 60 ಡಿಗ್ರಿ ಮುಟ್ಟಿದ್ರೆ ಒಳ್ಳೇ ಯೀಸ್ಟೂ ಸತ್ತೋಗುತ್ತೆ. 10 ನಿಮಿಷದಲ್ಲಿ ಮೇಲೆ ದಪ್ಪ ನೊರೆ ಎದ್ರೆ ಚೆನ್ನಾಗಿದೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಮಾತ್ರ ಬಂದ್ರೆ ನಾನಂತೂ ಅದನ್ನ ಬಳಸಲ್ಲ, ಜಾಸ್ತಿ ಹಾಕಿ ಸರಿ ಮಾಡೋಣ ಅಂದ್ರೂ ಎಷ್ಟು ಜಾಸ್ತಿ ಅಂತ ಅಂದಾಜು ಸಿಗಲ್ಲ. ನೊರೆ ಬಂದಿದ್ರೆ ಆ ನೀರನ್ನ ಚೆಲ್ಲಬೇಡಿ, ಹಾಗೇ ಹಿಟ್ಟಿಗೆ ಸುರಿದು ರೆಸಿಪಿಯಲ್ಲಿರೋ ನೀರಲ್ಲಿ ಅರ್ಧ ಕಪ್ ಕಮ್ಮಿ ಮಾಡ್ಕೊಳ್ಳಿ.